ಕಲ್ಲು ಹೊತ್ಕೊಂಡು ಘಾಟಿ ಹತ್ತೋ ಮುಂಚೆ

ಹೋದ ಸಲ ಈ ಕಾಲಮ್ಮಲ್ಲಿ, ನಮ್ಮನೆಗೆ ಒಂದು ಹಳೇ ಪೂಲ್ ಟೇಬಲ್ (ಕೋಲಲ್ಲಿ ಬಾಲ್ ಹೊಡೆದು ಅಂಚಿನ ಪಾಕೆಟ್‌ಗೆ ಬೀಳಿಸೋ ಆಟದ್ದು) ತಂದು ನಾನೇ ಕೈಯಾರೆ ರಿಪೇರಿ ಮಾಡ್ಕೊಂಡಿದ್ದೀನಿ ಅಂತ ಮಾತಿನ ಮಧ್ಯೆ ಬರ್ದಿದ್ದೆ ಅಷ್ಟೇ. ಈ ತಿಂಗಳು ಬಂದ ಪತ್ರದಲ್ಲಿ ಮುಕ್ಕಾಲು ಭಾಗ ಅದರ ಬಗ್ಗೆನೇ. ಹಾಗಾಗಿ ಹಂಚು ಸೋರೋ ಪ್ರಶ್ನೆ, ಬಾವಿ ಮೋಟಾರ್ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕೆಗೆ, ಬೇಜಾರು ಮಾಡ್ಕೋಬೇಡಿ.

ಗೋಣಿಕೊಪ್ಪದಿಂದ: ಅಣ್ಣಾ, ಮೈಸೂರಲ್ಲಿ ಒಂದು ಪೂಲ್ ಪಾರ್ಲರ್ ಮುಚ್ತಾ ಇದ್ದಾರೆ. 4 ಬೈ 8 ಟೇಬಲ್, 70 ಸಾವಿರ ಹೇಳ್ತಿದ್ದಾರೆ. ಮೇಲಿನ ಬಟ್ಟೆ ಎರಡು ಕಡೆ ಹರಿದಿದೆ ಆದ್ರೆ ಮರದ ಪಾಲಿಶ್ ಮಾತ್ರ ಹೊಸದರ ತರ ಫಳಫಳ ಅಂತಿದೆ. ತಗೋಬಹುದಾ? ನೋಡೋಕೆ ಹೋದಾಗ ಏನೇನು ನೋಡ್ಲಿ?

ನೀವು ಬೇಜಾರು ಮಾಡ್ಕೊಂಡಿರೋ ವಿಷ್ಯ ಸಣ್ಣದು, ಖುಷಿ ಪಟ್ಟಿರೋ ವಿಷ್ಯ ಇನ್ನೂ ಸಣ್ಣದು. ಬಟ್ಟೆ ಹೇಗೂ ಹೋಗುತ್ತೆ, ಟೇಬಲ್ ಬಿಚ್ಚಿ ಬೇರೆ ಕಡೆ ಕೂರಿಸಿದ್ಮೇಲೆ ಹಳೇ ಬಟ್ಟೆ ಮತ್ತೆ ಎಳೆದು ಕಟ್ಟೋದು ಸುಮ್ನೆ ದಂಡ. ಪಾಲಿಶ್ ಅಂತೂ ಮಾರೋಕೆ ಮುಂಚೆ ಯಾರು ಬೇಕಾದ್ರೂ ಹೊಡೀತಾರೆ. ಟೇಬಲ್ ಅಂದ್ರೆ ಬಟ್ಟೆ ಅಡಿಯಲ್ಲಿ ಹಾಸಿರೋ ಕಲ್ಲು. ಟಾರ್ಚ್ ಹಿಡ್ಕೊಂಡು ಕೆಳಗೆ ಅಂಗಾತ ಮಲ್ಕೊಳ್ಳಿ, ಪಾರ್ಲರ್‌ನವನು ನಗ್ತಾನೆ, ನಗ್ಲಿ. ಬೂದು ಕಪ್ಪು ಬಣ್ಣದ ಕಲ್ಲು ಕಂಡ್ರೆ ಅದು ಸ್ಲೇಟ್, ನಾವೆಲ್ಲ ಒಂದನೇ ಕ್ಲಾಸಲ್ಲಿ ಬಳಪ ಹಿಡಿದು ಅ ಆ ತಿದ್ದಿದ್ದೇ ಅದೇ ಜಾತಿ ಕಲ್ಲು. ಬಿಳಿ ಕಂಡ್ರೆ ಮಾರ್ಬಲ್, ನಮ್ಮ ದೇಶದಲ್ಲಿ ಮಾಡೋ ಎಷ್ಟೋ ಟೇಬಲ್‌ಗೆ ಅದನ್ನೇ ಹಾಕ್ತಾರೆ, ಮನೆ ಮಟ್ಟಿಗೆ ಅದೂ ನಡೆಯುತ್ತೆ, ಆದ್ರೆ ಸ್ಲೇಟ್ ರೇಟ್ ಕೊಡ್ಬೇಡಿ. ಕಂದು ಬಣ್ಣದ ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ ಕಂಡ್ರೆ ಮಾತಾಡ್ದೆ ಎದ್ದು ಬಂದ್ಬಿಡಿ, ಯಾಕಂದ್ರೆ ಬೆಂಗಳೂರಲ್ಲಿ ಅದು ಹತ್ತು ವರ್ಷ ಇರ್ಬಹುದು, ನಮ್ಮ ಕೊಡಗಿನ ಒಂದು ಜುಲೈ ತಿಂಗಳಿಗೆ ನೀರಲ್ಲಿ ಅದ್ದಿದ ಬಿಸ್ಕತ್ತಿನ ತರ ಊದ್ಕೊಳ್ಳುತ್ತೆ.

ಸ್ಲೇಟ್ ಸಾಮಾನ್ಯವಾಗಿ 3 ತುಂಡು ಇರುತ್ತೆ, ದಪ್ಪ 1 ಇಂಚು ಇದ್ರೆ ಒಳ್ಳೇದು. ಕೆಳಗಿಂದ ಬಿರುಕು ಹುಡುಕಿ, ಮುಖ್ಯವಾಗಿ ಪಾಕೆಟ್ ಹತ್ರ ಮತ್ತೆ ಬೋಲ್ಟ್ ತೂತಿನ ಸುತ್ತ. ಅಂಚಲ್ಲಿ ಸಣ್ಣ ಚಕ್ಕೆ ಎದ್ದಿದ್ರೆ ತುಂಬಿ ಸರಿ ಮಾಡ್ಬಹುದು, ಅಡ್ಡ ಬಿರುಕು ಹೋಗಿದ್ರೆ ಬೇಡವೇ ಬೇಡ. ಆಮೇಲೆ ಗಾರೆ ಮೇಸ್ತ್ರಿಗಳ ಹತ್ರ ಇರುತ್ತಲ್ಲ ಉದ್ದ ಅಲ್ಯೂಮಿನಿಯಂ ಪಟ್ಟಿ, ಅದನ್ನ ತಗೊಂಡ್ಹೋಗಿ ಬಟ್ಟೆ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಬೆಳಕು ಕಾಣುತ್ತಾ ನೋಡಿ.

ಇನ್ನು ಕುಶನ್ ರಬ್ಬರ್, ಅಂದ್ರೆ ಬಾಲ್ ತಾಗಿ ವಾಪಸ್ ಬರೋ ಹಾಗೆ ಅಂಚಿನ ಒಳಬದಿಗೆ ಅಂಟಿಸಿರೋ ಪಟ್ಟಿ. ಉಗುರಲ್ಲಿ ಒತ್ತಿ ನೋಡಿ, ಕಲ್ಲಿನ ತರ ಗಟ್ಟಿ ಇದ್ರೆ ಅದು ಸತ್ತಿದೆ ಅಂತ ಅರ್ಥ. ಒಂದು ಬಾಲ್ ಜೋರಾಗಿ ಉದ್ದಕ್ಕೆ ಹೊಡೀರಿ, ಟೇಬಲ್ ಉದ್ದಾನ ನಾಲ್ಕು ಸಲ ಓಡಾಡ್ಬೇಕು, ಎರಡಕ್ಕೇ ಸುಸ್ತಾದ್ರೆ ಆರೂ ಕುಶನ್‌ಗೆ ಹೊಸ ರಬ್ಬರ್ ಖರ್ಚು ಅಂತ ಬರ್ಕೊಳ್ಳಿ. ಕಾಲಿನ ಕೆಳಗೆ ಹಿಟ್ಟಿನ ತರ ಪುಡಿ ಬಿದ್ದಿದ್ರೆ ಮರಕ್ಕೆ ಹುಳ ಬಿದ್ದಿದೆ, ಅದನ್ನ ತಂದು ನಿಮ್ಮನೆ ಬೀಟೆ ಮರದ ಮಂಚಕ್ಕೂ ಹಂಚ್ಬೇಡಿ ಮಾರಾಯ್ರೆ.

70 ಸಾವಿರ ಜಾಸ್ತಿನಾ ಕಮ್ಮಿನಾ ಅಂತ ನಾನು ಇಲ್ಲಿ ಕೂತು ಹೇಳಕ್ಕಾಗಲ್ಲ. ಬಿಚ್ಚೋದು, ಸಾಗಿಸೋದು, ಕೂರಿಸೋದು, ಹೊಸ ಬಟ್ಟೆ, ಬೇಕಾದ್ರೆ ರಬ್ಬರ್, ಇಷ್ಟಕ್ಕೂ ಮೊದಲು ಒಬ್ಬ ಫಿಟ್ಟರ್ ಹತ್ರ ರೇಟ್ ಕೇಳಿ, ಅದನ್ನ ಹಿಡ್ಕೊಂಡು ಪಾರ್ಲರ್‌ನವರ ಜೊತೆ ಚೌಕಾಸಿ ಮಾಡಿ. ಅವರಿಗೆ ಅಂಗಡಿ ಖಾಲಿ ಮಾಡೋ ಅವಸರ ಇದೆ, ನಿಮಗಿಲ್ಲ.

ಅಂದಹಾಗೆ ರೂಮ್ ಅಳತೆ ನೀವು ಬರ್ದೇ ಇಲ್ಲ! 8 ಅಡಿ ಟೇಬಲ್‌ನ ಆಡೋ ಜಾಗ 88 ಇಂಚು ಉದ್ದ 44 ಇಂಚು ಅಗಲ. ಕ್ಯೂ, ಅಂದ್ರೆ ಬಾಲ್ ಹೊಡೆಯೋ ಕೋಲು, 58 ಇಂಚು, ಅದು ಎಲ್ಲಾ ಕಡೆಗೂ ಬೇಕಲ್ಲ, ಹಾಗೆ ಕೂಡಿದ್ರೆ 17 ಅಡಿ ಉದ್ದ 13 ಅಡಿ 4 ಇಂಚು ಅಗಲ ಆಗುತ್ತೆ. ಇದು ಕಮ್ಮಿ ಅಂದ್ರೆ. ಮಧ್ಯದಲ್ಲಿ ಒಂದು ಕಂಬ ಬಂದ್ರೂ ಪ್ರತಿ ಆಟದಲ್ಲೂ ಆ ಕಂಬಕ್ಕೆ ಬೈಯೋದೇ ಕೆಲಸ, ನಮ್ಮನೇಲಿ ಅದೇ ಆಗಿರೋದು.

ಸೋಮವಾರಪೇಟೆ ಹತ್ರದ ತೋಟದಿಂದ: ಸಾರ್, ಟೇಬಲ್ ತಗೊಂಡಾಯ್ತು, ಈಗ ಬೆಂಗಳೂರಿಂದ ತರ್ಬೇಕು. ನಮ್ಮ ತೋಟದಲ್ಲಿ ಕಾಫಿ ಮೂಟೆ ಎತ್ತೋ ಹುಡುಗ್ರು ಎಂಟು ಜನ ಇದ್ದಾರೆ, ಹಾಗೇ ಇಡೀ ಟೇಬಲ್ ಎತ್ತಿ ಲಾರಿಗೆ ಹಾಕಿದ್ರೆ ಆಗಲ್ವಾ, ಬಿಚ್ಚೋಕೆ ದುಡ್ಡು ಯಾಕೆ ದಂಡ?

ಆಗಲ್ಲ ಸಾರ್. ಎಂಟು ಜನ ಅಲ್ಲ, ಹದಿನಾರು ಜನ ಇದ್ರೂ ಆಗಲ್ಲ. ಸ್ಲೇಟ್ ಹಾಕಿದ 8 ಅಡಿ ಟೇಬಲ್ ಹತ್ರ ಹತ್ರ 400 ಕೆಜಿ ತೂಗುತ್ತೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿಂದೇ. ಒಂದು ಮೂಲೆ ಒಂದು ಇಂಚು ಜಾಸ್ತಿ ಮೇಲೆದ್ರೂ ಫ್ರೇಮ್ ತಿರುಚ್ಕೊಳ್ಳುತ್ತೆ, ಸ್ಲೇಟ್ ತಿರುಚ್ಕೊಳ್ಳಲ್ಲ, ಅದು ಬಿರಿಯುತ್ತೆ. ನಿಮ್ಮ ಹುಡುಗ್ರು 50 ಕೆಜಿ ಮೂಟೆ ಎತ್ತಿ ಹೆಗಲ ಮೇಲೆ ಒಗೆಯೋರು, ಆ ಒಗೆಯೋ ಅಭ್ಯಾಸನೇ ಇಲ್ಲಿ ಶತ್ರು.

ಬಿಚ್ಚೋವಾಗ ಮೊದಲು ಪಾಕೆಟ್, ಆಮೇಲೆ ಕುಶನ್ ಕೂರಿಸಿರೋ ಸೈಡ್ ರೇಲ್, ಆಮೇಲೆ ಬಟ್ಟೆ, ಆಮೇಲೆ ಕಲ್ಲು. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ, ಬೋಲ್ಟ್‌ಗಳನ್ನ ಬೇರೆ ಬೇರೆ ಡಬ್ಬಿಗೆ ಹಾಕಿ ಮೇಲೆ ಬರೀರಿ. ಕಲ್ಲಿನ ಅಡಿಭಾಗದಲ್ಲಿ ಚಾಕ್‌ಪೀಸಲ್ಲಿ 1, 2, 3 ಅಂತ ಹಾಕಿ, ಯಾವ ಅಂಚು ಯಾವ ಅಂಚಿಗೆ ಸೇರುತ್ತೆ ಅಂತ ಬಾಣದ ಗುರುತೂ ಹಾಕಿ. ಇದನ್ನ ಮರೆತು ನಾನು ಒಂದು ಇಡೀ ಭಾನುವಾರ 70 ಕೆಜಿ ಕಲ್ಲುಗಳನ್ನ ಅದಲು ಬದಲು ಮಾಡ್ತಾ ಕೂತಿದ್ದೆ, ಸೊಂಟ ಈಗ್ಲೂ ನೆನಪಿಸುತ್ತೆ. ಕಲ್ಲು ಬಿಚ್ಚೋ ಮುಂಚೆ ಸ್ಕ್ರೂ ಹುಡುಕ್ಬೇಕು, ಮೇಲೆ ಮೇಣ ಇಲ್ಲಾ ಪುಟ್ಟಿ ತುಂಬಿ ಮುಚ್ಚಿರ್ತಾರೆ, ಒಂದು ಸ್ಕ್ರೂ ಉಳಿದಿರೋದು ಗೊತ್ತಾಗ್ದೆ ಮೀಟಿದ್ರೆ ಅಲ್ಲಿಗೆ ಕತೆ ಮುಗೀತು.

ಗಾಡಿಗೆ ಒಂದು ಬೊಲೆರೊ ಪಿಕಪ್ ಸಾಕು. ಕಲ್ಲನ್ನ ಗ್ರಾನೈಟ್ ಅಂಗಡಿಯವರು ಸ್ಲಾಬ್ ತರ್ತಾರಲ್ಲ ಹಾಗೆ ಅಂಚಿನ ಮೇಲೆ ನಿಲ್ಲಿಸಿ, ಸ್ವಲ್ಪ ಓರೆಯಾಗಿ ಒರಗಿಸಿ, ಮಧ್ಯೆ ಮಧ್ಯೆ ಕಾಫಿ ಗೋಣಿ ಮಡಚಿ ಹಾಕಿ ಬಿಗಿಯಾಗಿ ಹಗ್ಗ ಕಟ್ಟಿ. ಕೆಳಗೆ ಏನೂ ಹಾಕ್ದೆ ಮಲಗಿಸಿದ್ರೆ ಕುಶಾಲನಗರ ದಾಟಿದ ಮೇಲಿನ ಗುಂಡಿಗಳು ಉಳಿದಿದ್ದು ನೋಡ್ಕೊಳ್ತವೆ. ನೆನಪಿರ್ಲಿ, ಗೋಣಿ ಒಣಗಿದ್ದಾಗಿರ್ಬೇಕು, ಮೇಲೆ ಟಾರ್ಪಾಲ್ ಬೇಕೇ ಬೇಕು.

ಯಾವಾಗ ತರ್ಬೇಕು ಅನ್ನೋದು ಇದೆಲ್ಲಕ್ಕಿಂತ ದೊಡ್ಡ ವಿಷ್ಯ. ಮಳೆಗಾಲದಲ್ಲಿ ಬೇಡ, ಮಣ್ಣು ಕುಸಿಯೋ ಭಯ ಒಂದು ಕಡೆ, ಕೆಲವು ವರ್ಷ ಭಾರೀ ಗಾಡಿಗಳನ್ನ ನಿಲ್ಲಿಸ್ತಾರೆ ಅದು ಇನ್ನೊಂದು ಕಡೆ, ಅದೂ ಅಲ್ದೆ ಆ ತೇವದಲ್ಲಿ ಬಟ್ಟೆ ಅಂಟಿಸೋ ಗಮ್ ಸರಿಯಾಗಿ ಒಣಗಲ್ಲ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲು, ಜನನೂ ಸಿಗಲ್ಲ ಪಿಕಪ್ಪೂ ಸಿಗಲ್ಲ. ಕುಯ್ಲು ಮುಗಿದು ಕಾಫಿ ಹೂ ಅರಳಿಸೋ ಹೂಮಳೆಗೆ ಕಾಯ್ತಾ ಕೂತಿರ್ತೀವಲ್ಲ, ಆ ಸಂದೀಲಿ ಮುಗಿಸ್ಕೊಳ್ಳಿ.

ವಿರಾಜಪೇಟೆಯಿಂದ: ನಮಸ್ತೆ. ನಮ್ಮನೆಯವರಿಗೆ ಪೂಲ್ ಟೇಬಲ್ ಹುಚ್ಚು ಹಿಡಿದಿದೆ. ನಮ್ಮದು ಹಳೇ ಮನೆ, ಮಹಡಿ ಮರದ ಹಲಗೆದು. ಅಲ್ಲೇ ಇಡ್ತೀನಿ ಅಂತ ಹಠ. ನೀವು ಬರೆದ್ರೆ ಕೇಳ್ತಾರೆ, ಬೇಡ ಅಂತ ಬರೀರಿ ಪ್ಲೀಸ್.

ಅಕ್ಕಾ, ಬೇಡ. ಬರ್ದೆ ನೋಡಿ.

ಅಣ್ಣಂಗೆ ಕಾರಣನೂ ಹೇಳ್ತೀನಿ, ಇಲ್ಲಾಂದ್ರೆ ನಾವಿಬ್ರೂ ಸೇರಿ ಪಿತೂರಿ ಮಾಡಿದ್ವಿ ಅಂತಾರೆ. ಆರ್‌ಸಿಸಿ ಸ್ಲಾಬ್ ಆಗಿದ್ರೆ ತೊಂದ್ರೆ ಇಲ್ಲ, ಮನೆ ಸ್ಲಾಬ್‌ಗಳನ್ನ ಚದರ ಮೀಟರ್‌ಗೆ ಸುಮಾರು 200 ಕೆಜಿ ತಡೆಯೋ ಲೆಕ್ಕದಲ್ಲಿ ಡಿಸೈನ್ ಮಾಡ್ತಾರೆ, 8 ಅಡಿ ಟೇಬಲ್ ಅದರೊಳಗೇ ಬರುತ್ತೆ. ಹಳೇ ಮರದ ತೊಲೆಗೆ ಅಂತ ಲೆಕ್ಕ ಯಾವುದೂ ಇಲ್ಲ, ಒಳಗೆ ಗೆದ್ದಲು ಎಷ್ಟು ತಿಂದಿದೆ ಅಂತ ಗೆದ್ದಲಿಗೆ ಮಾತ್ರ ಗೊತ್ತು. ಸರಿ, ಮುರೀಲಿಲ್ಲ ಅಂತಾನೇ ಇಟ್ಕೊಳ್ಳಿ, ಆದ್ರೂ ಒಬ್ಬ ಮನುಷ್ಯ ಆ ಕಡೆಯಿಂದ ಈ ಕಡೆ ನಡೆದ್ರೆ ಹಲಗೆ ಬಾಗುತ್ತೆ, ಮಳೆಗಾಲಕ್ಕೆ ಊದಿ ಬೇಸಿಗೆಗೆ ಕುಗ್ಗುತ್ತೆ, ಟೇಬಲ್ ಲೆವೆಲ್ ಒಂದು ವಾರ ನಿಲ್ಲಲ್ಲ. ಕೆಳಗೆ ರೆಡ್ ಆಕ್ಸೈಡ್ ನೆಲ ಇದ್ಯಲ್ಲ, ಅಲ್ಲಿ ಇಡ್ಲಿ. ಸೋಫಾ ಬೇಕಾದ್ರೆ ಮೇಲೆ ಹೋಗ್ಲಿ.

ಸಿದ್ದಾಪುರದಿಂದ: ಕಲ್ಲು ಮೂರೂ ಕೂರಿಸಿದ್ದೀವಿ, ಬಾಲ್ ಜಾಯಿಂಟ್ ಮೇಲೆ ಹೋಗೋವಾಗ ಟಕ್ ಅಂತ ಹಾರುತ್ತೆ. ಪುಟ್ಟಿ ತುಂಬಿದ್ರೆ ಸಾಕಾ?

ಪುಟ್ಟಿ ಸಂದು ತುಂಬೋಕೆ, ಏರು ತಗ್ಗು ಮುಚ್ಚೋಕಲ್ಲ. ಮೊದಲು ಕಲ್ಲು ಬಿಟ್ಟು ಬರೀ ಫ್ರೇಮನ್ನ ರಸಮಟ್ಟ ಇಟ್ಟು ಲೆವೆಲ್ ಮಾಡ್ಬೇಕಿತ್ತು, ಮಾಡಿದ್ದೀರಾ? ಮಾಡಿದ್ರೆ ಮಧ್ಯದ ಕಲ್ಲಿಂದ ಶುರು ಮಾಡಿ, ಅದು ಸರಿಯಾದ್ಮೇಲೆ ಅದಕ್ಕೆ ತಕ್ಕ ಹಾಗೆ ಎರಡು ಬದಿಯ ಕಲ್ಲು. ತಗ್ಗಿರೋ ಕಡೆ ಕಲ್ಲಿಗೂ ಫ್ರೇಮ್‌ಗೂ ಮಧ್ಯೆ ಹಳೇ ಇಸ್ಪೀಟ್ ಎಲೆ ತುರುಕಿ, ಒಂದೊಂದೇ. ನಗ್ಬೇಡಿ, ಅನುಭವ ಇರೋ ಫಿಟ್ಟರ್‌ಗಳೂ ಅದನ್ನೇ ಮಾಡ್ತಾರೆ. ಜಾಯಿಂಟ್ ಮೇಲೆ ಬೆರಳು ಎಳೆದ್ರೆ ಗೊತ್ತಾಗ್ಬಾರ್ದು, ಅಲ್ಲಿವರೆಗೂ ಬಿಡ್ಬೇಡಿ. ಆಮೇಲೆ ಸ್ಕ್ರೂ ಬಿಗಿ ಮಾಡಿ ಮತ್ತೆ ಮಟ್ಟ ನೋಡಿ, ಯಾಕಂದ್ರೆ ಬಿಗಿ ಮಾಡಿದ ಕೂಡ್ಲೇ ಅದು ಸ್ವಲ್ಪ ಆಟ ಆಡುತ್ತೆ.

ಸಂದು ತುಂಬೋಕೆ ಕಾರ್ ಪೇಂಟ್ ಮಾಡೋರ ಪುಟ್ಟಿ ಆಗುತ್ತೆ, ಆದ್ರೆ ನಾನಂತೂ ಜೇನುಮೇಣನೇ ಅನ್ನೋನು. ಜೇನಿಗೆ ಹೆಸರಾದ ಊರಲ್ಲಿ ಕೂತ್ಕೊಂಡು ಡಬ್ಬಿ ಪುಟ್ಟಿ ಯಾಕೆ? ಕಲ್ಲಿನ ಅಂಚನ್ನ ಸ್ವಲ್ಪ ಬಿಸಿ ಮಾಡಿ, ಕರಗಿದ ಮೇಣ ಸಂದಿಗೆ ಬಿಟ್ಟು, ಆರಿದ್ಮೇಲೆ ಪೇಂಟರ್ ಪಟ್ಟಿಯಲ್ಲಿ ನುಣ್ಣಗೆ ಹೆರೆದುಬಿಡಿ. ತುಂಬಾ ಬಿಸಿಲಿನ ಊರಲ್ಲಿ ಮೇಣ ಮೆತ್ತಗಾಗುತ್ತೆ ಅಂತ ಹೆದರ್ತಾರೆ, ನಮಗೆ ಆ ಭಯ ಇಲ್ಲ. ಮುಂದೆ ಯಾವತ್ತಾದ್ರೂ ಟೇಬಲ್ ಬಿಚ್ಚೋವಾಗ ಮೇಣ ಸುಲಭವಾಗಿ ಬಿಡುತ್ತೆ, ಪುಟ್ಟಿ ಕಲ್ಲಿನ ಅಂಚನ್ನೂ ಕಿತ್ಕೊಂಡು ಬರುತ್ತೆ.

ರಬ್ಬರ್ ಬದಲಾಯಿಸ್ತೀವಿ ಅಂತಾನೂ ಬರ್ದಿದ್ದೀರಿ. ಅಂಗಡಿಯಲ್ಲಿ ಪೂಲ್ ಟೇಬಲ್‌ದು ಅಂತ ಹೇಳಿ ಕೇಳಿ, ಸ್ನೂಕರ್‌ದು (ಇದೇ ತರದ ಇನ್ನೊಂದು ಆಟ) ಆಕಾರನೇ ಬೇರೆ. ಅಂಟಿಸಿದ್ಮೇಲೆ ರಬ್ಬರ್ ಮೂಗು, ಅಂದ್ರೆ ಮುಂದಕ್ಕೆ ಚಾಚಿರೋ ತುದಿ, ಕಲ್ಲಿನಿಂದ ಸುಮಾರು 36 ಮಿಲಿಮೀಟರ್ ಎತ್ತರದಲ್ಲಿರ್ಬೇಕು, ಪೂಲ್ ಬಾಲ್ 57 ಮಿಲಿಮೀಟರ್ ಅಲ್ವಾ, ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ತಾಗ್ಬೇಕು. ಕೆಳಗೆ ತಾಗಿದ್ರೆ ಬಾಲ್ ಎಗರಿ ನೆಲಕ್ಕೆ ಬೀಳುತ್ತೆ.

ನಾಪೋಕ್ಲಿನಿಂದ: ಬೇಸಿಗೇಲಿ ಚೆನ್ನಾಗಿತ್ತು ಸಾರ್. ಜೂನ್ ಆದ್ಮೇಲೆ ಬಾಲ್ ಕೆಸರಲ್ಲಿ ಓಡಿದ ಹಾಗೆ ಓಡ್ತಿದೆ, ಬಟ್ಟೆ ಮೇಲೆ ಬಿಳಿ ಬೂಷ್ಟು ಬೇರೆ. ಹಳೇ ಕಾಲದ ಪ್ಲಾಂಟರ್ ಕ್ಲಬ್‌ಗಳಲ್ಲಿ ಇದೇ ಮಳೇಲಿ ಹೇಗೆ ಆಡ್ತಿದ್ರು?

ಟೇಬಲ್ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದ್ದೀರಿ, ಹೌದು ತಾನೇ? ಪತ್ರದಲ್ಲಿ ಇಲ್ಲ, ಆದ್ರೂ ಆ ಬೂಷ್ಟು ನೋಡಿದ್ರೆ ಗೊತ್ತಾಗುತ್ತೆ. ಇವತ್ತೇ ತೆಗೀರಿ. ಅದು ತೇವಾನ ಒಳಗೇ ಕೂಡಿ ಹಾಕುತ್ತೆ, ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿದ್ರೆ ಧೂಳೂ ಬೀಳಲ್ಲ ಗಾಳಿನೂ ಆಡುತ್ತೆ. ಒಳ್ಳೇ ಬಟ್ಟೆ ಅಂದ್ರೆ ಬಹುಪಾಲು ಉಣ್ಣೆ, ಉಣ್ಣೆ ತೇವ ಕುಡಿಯುತ್ತೆ, ಕುಡಿದಿದ್ದು ಬಾಲ್‌ನ ಹಿಡಿಯುತ್ತೆ. ಟೂರ್ನಮೆಂಟ್ ಸ್ನೂಕರ್ ಟೇಬಲ್‌ಗಳಲ್ಲಿ ಕಲ್ಲಿನ ಅಡಿ ಹೀಟರ್ ಇಟ್ಟಿರ್ತಾರೆ, ಶೋಕಿಗಲ್ಲ, ಇದಕ್ಕೇ. ನೀವು ಹೀಟರ್ ಇಡೋದು ಬೇಡ, ಆ ರೂಮಿಗೆ ಒಂದು ಡಿಹ್ಯೂಮಿಡಿಫೈಯರ್ ಇಡಿ, ಅದರ ಡಬ್ಬಿ ತುಂಬೋ ಸ್ಪೀಡ್ ನೋಡಿದ್ರೆ ನೀವು ಇಷ್ಟು ದಿನ ಯಾವ ಕೆರೆಯಲ್ಲಿ ವಾಸ ಮಾಡ್ತಿದ್ರಿ ಅಂತ ಗೊತ್ತಾಗುತ್ತೆ. ಟೇಬಲ್ ಗೋಡೆಯಿಂದ ದೂರ ಇರ್ಲಿ, ಕರೆಂಟ್ ಇದ್ದಾಗ ಫ್ಯಾನ್ ಓಡ್ತಾ ಇರ್ಲಿ. ಬೂಷ್ಟನ್ನ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಒಣಗಿಸಿ ಮೆತ್ತನೆ ಬ್ರಷ್‌ನಲ್ಲಿ ತೆಗೀರಿ, ಕಲೆ ಉಳಿದ್ರೆ ಉಳೀಲಿ, ಆಟಕ್ಕೆ ಅಡ್ಡಿ ಇಲ್ಲ. ನುಸಿ ತಿನ್ನದ ಹಾಗೆ ಟೇಬಲ್ ಕೆಳಗೆ ನುಸಿಗುಳಿಗೆ ಇಡಿ.

ಇನ್ನು ಕ್ಲಬ್ ವಿಷ್ಯ. ಸ್ನೂಕರ್ ಅನ್ನೋ ಆಟನೇ ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಆಫೀಸರ್‌ಗಳು ಮಳೆಗಾಲದಲ್ಲಿ ಹೊತ್ತು ಹೋಗ್ದೆ ಕಟ್ಟಿದ್ದು, 1875ರಲ್ಲಿ ಜಬಲ್ಪುರದಲ್ಲಿ ಶುರುವಾಗಿ, ಆಮೇಲೆ ಊಟಿ ಕ್ಲಬ್ಬಲ್ಲಿ ಅದರ ರೂಲ್ಸ್ ಬರೆದು ಗೋಡೆಗೆ ಹಾಕಿದ್ರು ಅಂತ ಹೇಳ್ತಾರೆ. ಊಟಿ ಏನು ಒಣ ಊರಾ? ಆದ್ರೆ ಅವರ ಹತ್ರ ಎರಡು ವಸ್ತು ಇತ್ತು, ನಿಮ್ಮ ಹತ್ರ ಇಲ್ಲ. ಒಂದು, ರೂಮಲ್ಲಿ ಉರಿಯೋ ಬೆಂಕಿಗೂಡು. ಇನ್ನೊಂದು ಮಾರ್ಕರ್, ಅಂದ್ರೆ ಸ್ಕೋರ್ ಬರೆಯೋದ್ರಿಂದ ಹಿಡಿದು ಟೇಬಲ್ ಆರೈಕೆವರೆಗೆ ಎಲ್ಲಾ ನೋಡ್ಕೊಳ್ಳೋನು. ಬಟ್ಟೆನ ಅದರ ಕೂದಲು ಮಲಗೋ ದಿಕ್ಕಿಗೇ ಬ್ರಷ್ ಮಾಡಿ, ಆಮೇಲೆ ಇಸ್ತ್ರಿ ಹೊಡೆಯೋನು ಅವನೇ. ಇಸ್ತ್ರಿ ಪೆಟ್ಟಿಗೆಯನ್ನ ಮೊದಲು ನ್ಯೂಸ್‌ಪೇಪರ್ ಮೇಲೆ ಇಟ್ಟು ನೋಡ್ತಿದ್ರು, ಪೇಪರ್ ಕೆಂಪಗಾದ್ರೆ ಬಟ್ಟೆಗೆ ಮುಟ್ಟಿಸ್ತಿರ್ಲಿಲ್ಲ. ಇದು ಸ್ನೂಕರ್‌ನ ಕೂದಲು ಬಟ್ಟೆಗೆ ಮಾತ್ರ ಆಯ್ತಾ, ಪೂಲ್ ಟೇಬಲ್‌ಗೆ ಹಾಕೋ ನುಣುಪು ಬಟ್ಟೆಗೆ ಬರೀ ಬ್ರಷ್ ಸಾಕು, ಮನೆ ಇಸ್ತ್ರಿ ಪೆಟ್ಟಿಗೆ ತಗೊಂಡ್ಹೋಗಿ ಪ್ರಯೋಗ ಮಾಡ್ಬೇಡಿ.

ಪೊನ್ನಂಪೇಟೆಯಿಂದ: ಪರಿಚಯದವರ ಬಂಗಲೆಯಲ್ಲಿ 12 ಅಡಿ ಹಳೇ ಸ್ನೂಕರ್ ಟೇಬಲ್ ಇದೆ, ಫ್ರೀಯಾಗಿ ತಗೊಂಡ್ಹೋಗಿ ಅಂತಿದ್ದಾರೆ. ತಗೊಳ್ಳಾ?

ಯಾಕೆ ಫ್ರೀ ಅಂತ ಯೋಚ್ನೆ ಮಾಡಿದ್ರಾ? ಕಲ್ಲು 5 ತುಂಡು, ಒಂದೊಂದೂ 180 ಕೆಜಿ ಹತ್ರ, ಒಟ್ಟು ಟೇಬಲ್ ಒಂದೂವರೆ ಟನ್‌ವರೆಗೂ ಹೋಗುತ್ತೆ. ರೂಮ್ 22 ಅಡಿಗೆ 16 ಅಡಿ ಬೇಕು. ಅಷ್ಟು ಜಾಗ, ಕಲ್ಲು ಕೂರಿಸೋಕೆ ಗೊತ್ತಿರೋ ಫಿಟ್ಟರ್, ಎತ್ತೋಕೆ ಜನ, ಈ ಮೂರೂ ಇದ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ, ಅಂಥ ಮರ, ಅಂಥ ಕಲ್ಲು ಇವತ್ತು ದುಡ್ಡು ಕೊಟ್ರೂ ಸುಲಭಕ್ಕೆ ಸಿಗಲ್ಲ. ಮೂರರಲ್ಲಿ ಒಂದು ಇಲ್ದಿದ್ರೂ ಅದು ಅಲ್ಲೇ ಇರ್ಲಿ, ವಾರಕ್ಕೊಮ್ಮೆ ಅವರ ಮನೆಗೇ ಹೋಗಿ ಆಡಿ. ಹೋಗೋವಾಗ ನನಗೂ ಒಂದು ಫೋನ್ ಮಾಡಿ.