ಧಾರಾವಾಹಿ ಮುಗಿಯಿತು, ಕೂಲಿ ಬರಲಿಲ್ಲ

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಬೆಂಗಳೂರಿನಲ್ಲಿ ಧಾರಾವಾಹಿ, ಸಿನಿಮಾಗಳಿಗೆ ಲೈಟ್‌ಮ್ಯಾನ್ ಆಗಿದ್ದೆ. ಟಿಆರ್‌ಪಿ ಇಲ್ಲವೆಂದು ಧಾರಾವಾಹಿಯನ್ನು ದಿಢೀರನೆ ನಿಲ್ಲಿಸಿದರು. 23 ದಿನಗಳ ಕೂಲಿ ಬಾಕಿ. ಈಗ ಊರಿಗೆ ಬಂದು ಕುಳಿತಿದ್ದೇನೆ. ಮ್ಯಾನೇಜರ್ ‘ಮುಂದಿನ ಪ್ರಾಜೆಕ್ಟ್‌ನಲ್ಲಿ ಸೇರಿಸಿ ಕೊಡೋಣ’ ಎನ್ನುತ್ತಾರೆ. ಒತ್ತಾಯಿಸಿದರೆ ಮತ್ತೆ ಕರೆಯಲಾರರೆಂಬ ಭಯ. ಕಸುಬನ್ನೇ ಬಿಡಲೇ?
– ಓದುಗ, ಸೋಮವಾರಪೇಟೆ

ಉತ್ತರ: ಕಸುಬಿನ ಮಾತು ಆಮೇಲೆ, ಮೊದಲು ಆ 23 ದಿನಗಳನ್ನು ನೋಡೋಣ. ‘ಮುಂದಿನ ಪ್ರಾಜೆಕ್ಟ್’ ಎಂಬ ಸಬೂಬಿಗೆ ಚಿತ್ರರಂಗದಲ್ಲಿ ನನಗಿಂತ ಹೆಚ್ಚು ವಯಸ್ಸಾಗಿದೆ.

ಹಾಜರಿ ಪುಸ್ತಕ ನಿಮ್ಮ ಮೊಬೈಲಿನಲ್ಲೇ ಇದೆ: ‘ನಾಳೆ ಆರಕ್ಕೆ ಸೆಟ್‌ಗೆ ಬಾ’ ಎಂಬ ಸಂದೇಶಗಳು, ಬಾಟಾ (ದಿನಭತ್ಯೆ) ಜಮೆಯಾದ ಯುಪಿಐ ದಾಖಲೆ. ಅವು ಅಳಿಸಿಹೋಗುವ ಮುನ್ನ ತಾರೀಖುವಾರು ಬರೆದು, ಒಟ್ಟು ಮೊತ್ತ ಹಾಕಿ ಮ್ಯಾನೇಜರಿಗೆ ಕಳುಹಿಸಿ. ಸಿಟ್ಟಿನ ಮಾತು ಒಂದೂ ಬೇಡ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ಕೊಡದಿದ್ದರೆ ಅರ್ಜಿ ಹಾಕಲು ಮೂರು ವರ್ಷ ಅವಕಾಶವಿದೆ. ಒಬ್ಬರೇ ಹೋಗಬೇಡಿ. ನಿಮ್ಮೊಂದಿಗೆ ಕೂಲಿ ಕಳೆದುಕೊಂಡವರನ್ನು ಸೇರಿಸಿಕೊಂಡು ಸಂಘದ ಮೂಲಕ ಕೇಳಿ. ಆರು ಜನರ ಹೆಸರಿರುವ ಪಟ್ಟಿಯಲ್ಲಿ ನಿಮ್ಮೊಬ್ಬರ ಮೇಲೆ ಹಗೆ ಸಾಧಿಸುವುದು ಕಷ್ಟ.

ಮುಂದೆ ಕರೆ ಬಂದಾಗ ಲಿಖಿತ ಒಪ್ಪಂದ ಕೇಳಿ. 1981ರ ಸಿನಿ ಕಾರ್ಮಿಕರ ಕಾಯ್ದೆ ಕಥಾಚಿತ್ರಗಳಿಗೆ ಸೀಮಿತವಾಗಿತ್ತು. ಅದರ ಬದಲಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಟಿವಿ, ವೆಬ್ ಸರಣಿಗಳೂ ಸೇರಿವೆ. ರಾಜ್ಯದ 2024ರ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆಯಲ್ಲಿ ಟಿಕೆಟ್, ಒಟಿಟಿ ಚಂದಾಗಳ ಮೇಲಿನ ಸೆಸ್‌ನಿಂದ ಕ್ಷೇಮನಿಧಿ ಕಟ್ಟುವ ವ್ಯವಸ್ಥೆಯಿದೆ. ನೋಂದಣಿ ಬಗ್ಗೆ ಸಂಘದಲ್ಲಿ ವಿಚಾರಿಸಿ, ಆದರೆ ಕೆಲಸವಿಲ್ಲದ ತಿಂಗಳ ಮನೆಖರ್ಚಿಗೆ ಅದನ್ನು ನಂಬಿಕೊಳ್ಳಬೇಡಿ.

ಇನ್ನು ಕಸುಬು. ವಾಹಿನಿಗಳೂ ಒಟಿಟಿಗಳೂ ಕನ್ನಡ ಚಿತ್ರಗಳನ್ನು ಕೊಳ್ಳಲು ಕೈ ಬಿಗಿ ಹಿಡಿದಿವೆ. ಆ ಹಣ ನಂಬಿ ಚಿತ್ರ ಶುರು ಮಾಡುತ್ತಿದ್ದವರು ಹಿಂಜರಿಯುತ್ತಿದ್ದಾರೆ. ಬೇಗ ಸರಿಹೋಗುತ್ತದೆಂದು ಹೇಳಿ ನಿಮ್ಮನ್ನು ಕೂರಿಸಲಾರೆ. ಹಾಗೆಂದು ಹನ್ನೊಂದು ವರ್ಷದ ಕೈಗುಣವನ್ನು ಕಾಫಿ ಕೊಯ್ಲಿನ ಕೂಲಿಗೆ ಇಳಿಸುವುದೂ ಬೇಡ. ಮಡಿಕೇರಿ ದಸರಾದ ದಶಮಂಟಪಗಳನ್ನು ನೋಡಿದ್ದೀರಲ್ಲ? ಟ್ರ್ಯಾಕ್ಟರ್ ಮೇಲೆ ಜನರೇಟರ್, ಚಲಿಸುವ ಮೂರ್ತಿಗಳು, ಅವಕ್ಕೆ ತಾಳ ಹಾಕುವ ಬೆಳಕು. ಅರ್ಧ ಸೆಟ್ ಅಲ್ಲೇ ಇದೆ. ಆಯುಧಪೂಜೆಗೆ ಎರಡು ತಿಂಗಳಿರುವಾಗಲೇ ಸಮಿತಿಯವರನ್ನು ಕಾಣಿ. ಗೋಣಿಕೊಪ್ಪ, ವಿರಾಜಪೇಟೆಯ ಮದುವೆ ಮಂಟಪಗಳಲ್ಲೂ ವಿಚಾರಿಸಿ. ಜೊತೆಗೆ ವೈರ್‌ಮನ್ ಪರವಾನಗಿಗೆ ಏನು ಬೇಕೆಂದು ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಕೇಳಿ ಬನ್ನಿ, ಮಳೆ ಹಿಡಿಯುವ ಮೊದಲೇ.