ನರ್ಸರಿ ಪುಟ ಅಡ್ಡ ಜಾರುವುದಕ್ಕೆ, ಶೀರ್ಷಿಕೆಗೆ

ಹೊಸನಗರದ ಅಣ್ಣ, ನಿಮ್ಮ ಗಿಡಗಳ ನರ್ಸರಿಯ ವೆಬ್ ಪುಟ ಮೊಬೈಲಿನಲ್ಲಿ ಅಡ್ಡಡ್ಡ ಜಾರುತ್ತದೆ ಅಂದಿರಿ, ಅಕ್ಷರ ದಪ್ಪ ಮಾಡಿದರೆ ಶೀರ್ಷಿಕೆ ಆಯ್ತಲ್ಲ ಅಂತಲೂ ಕೇಳಿದಿರಿ. ನೀವು ಹಾಕಿದ ಕೋಡ್ ಪೂರ್ತಿ ನೋಡಿದೆ.

ದಪ್ಪ ಮಾಡಿದ್ದು ಕಣ್ಣಿಗೆ ಮಾತ್ರ ಶೀರ್ಷಿಕೆ, ಬ್ರೌಸರಿಗೆ ಅದು ಬರೀ ಡಿವ್, ಅಂದರೆ ಹೆಸರಿಲ್ಲದ ಪೆಟ್ಟಿಗೆ. ನಮ್ಮ ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ, ಫೋನಿನ ಟಾಕ್‌ಬ್ಯಾಕ್ ಓದಿದ್ದನ್ನು ಕೇಳುತ್ತಾರೆ. ಅದರಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು. ನಿಮ್ಮ ಪುಟ ತೆಗೆದುಕೊಟ್ಟೆ. ಅವರಿಗೆ ಬೇಕಿದ್ದದ್ದು ಕಾಳುಮೆಣಸಿನ ಬಳ್ಳಿಯ ದರ. ಹಾರಲು ಒಂದೂ ಶೀರ್ಷಿಕೆ ಸಿಗದೆ ಮಾವಿನ ಕಸಿಗಿಡಗಳ ವಿವರವನ್ನೆಲ್ಲ ಮೊದಲಿಂದ ಕೇಳುತ್ತ ಕೂತರು. ನೋಡಿ ಸಂಕಟ ಆಯ್ತು. ಹಾಗಾಗಿ ನರ್ಸರಿಯ ಹೆಸರಿಗೆ ಮೊದಲ ಹಂತದ ಶೀರ್ಷಿಕೆ ಗುರುತು ಎಚ್1, ಅದೊಂದೇ. ಮಾವು, ಕಾಳುಮೆಣಸು, ಅಡಿಕೆಗೆ ಎಚ್2. ಕಾಳುಮೆಣಸಿನ ಕೆಳಗಿನ ಪಣಿಯೂರು, ಕರಿಮುಂಡ ತಳಿಗಳಿಗೆ ಎಚ್3. ಅಕ್ಷರ ಸಣ್ಣ ಕಾಣಲಿ ಅಂತ ಎಚ್3 ಬಿಟ್ಟು ಎಚ್5 ಹಾಕಬೇಡಿ, ಗಾತ್ರವನ್ನು ಅಂದಚೆಂದ ತಿದ್ದುವ ಸಿಎಸ್‌ಎಸ್‌ನಲ್ಲಿ ಸರಿಮಾಡಿಕೊಳ್ಳಿ. ಪುಟದ ಭಾಷೆ ಹೇಳುವ ಲ್ಯಾಂಗ್ ಜಾಗದಲ್ಲಿ ಇನ್ನೂ ಇಂಗ್ಲಿಷಿನ ‘ಇಎನ್’ ಇದೆ, ಕನ್ನಡದ ‘ಕೆಎನ್’ ಮಾಡಿ.

ಇನ್ನು ಜಾರುವುದು. ಪಕ್ಕಪಕ್ಕ ಇಟ್ಟ ಮೂರು ಕಾರ್ಡಿಗೂ, ಅಂದರೆ ಗಿಡದ ವಿವರದ ಚೌಕಕ್ಕೂ, ತಲಾ 320 ಪಿಕ್ಸೆಲ್ ಅಗಲ ಕಟ್ಟಿಹಾಕಿದ್ದೀರಿ, ಒಟ್ಟು 960. ಹೆಚ್ಚಿನ ಫೋನುಗಳ ಅಗಲ 360ರಿಂದ 400ರ ಆಸುಪಾಸು. ಆ ಅಗಲ ತೆಗೆಯಿರಿ. ಹೊರಗಿನ ಡಿವ್‌ಗೆ ಡಿಸ್‌ಪ್ಲೇ ಫ್ಲೆಕ್ಸ್, ಫ್ಲೆಕ್ಸ್-ವ್ರ್ಯಾಪ್, ಗ್ಯಾಪ್ 1 ರೆಮ್ (ರೆಮ್ ಅಂದರೆ ಪುಟದ ಮೂಲ ಅಕ್ಷರದ ಗಾತ್ರದ ಅಳತೆ). ಒಂದೊಂದು ಕಾರ್ಡಿಗೆ ಫ್ಲೆಕ್ಸ್ 1 1 15 ರೆಮ್, ಅಂದರೆ ಸಾಮಾನ್ಯವಾಗಿ 240 ಪಿಕ್ಸೆಲ್. ಜಾಗ ಇದ್ದರೆ ಪಕ್ಕಪಕ್ಕ ಕೂರುತ್ತವೆ, ಇಲ್ಲದಿದ್ದರೆ ತಾವೇ ಕೆಳಗಿಳಿಯುತ್ತವೆ. ಫೋಟೋಗೆ ಮ್ಯಾಕ್ಸ್-ವಿಡ್ತ್ 100 ಪರ್ಸೆಂಟ್, ಹೈಟ್ ಆಟೋ. ಫೋಟೋ ಫೈಲ್ ಸಣ್ಣದು ಮಾಡಿಯೇ ಹಾಕಿ, ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಸಿಗ್ನಲ್ ಒಂದು ಕಡ್ಡಿ ಸಿಕ್ಕರೆ ಹೆಚ್ಚು.

ನೀವು ಕೇಳದ ಒಂದು ಮಾತು. ಕಾರ್ಡಿನ ತಲೆಬರಹಕ್ಕೆ 28 ಪಿಕ್ಸೆಲ್ ಎತ್ತರ ಕೊಟ್ಟು, ಮೀರಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಹಾಕಿದ್ದೀರಿ. ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ಅಲ್ಲೇ ಕತ್ತರಿ ಬಿದ್ದು ‘ಅಪ್ಪೆಮಿಡಿ’ ಹೋಗಿ ‘ಅಪೆಮಿಡಿ’ ಆಗಿದೆ. ನಾನು ಅಡಿಕೆ ದರದ ಪುಟ ಮಾಡಿದಾಗ ‘ಬೆಟ್ಟೆ’ಗೂ ಇದೇ ಗತಿ ಬಂದಿತ್ತು. ಎತ್ತರ ತೆಗೆದು ಲೈನ್-ಹೈಟ್, ಅಂದರೆ ಸಾಲಿನ ಎತ್ತರ, 1.6 ಕೊಡಿ. ಆಮೇಲೆ ಬ್ರೌಸರ್ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡಿ, ಎಲ್ಲೂ ಕತ್ತರಿ ಬೀಳುವುದಿಲ್ಲವೇ ಅಂತ ಒಮ್ಮೆ ನೋಡಿ.

ಎಲ್ಲ ಆದ ಮೇಲೆ ಲಿಂಕ್ ಇಲ್ಲೇ ಹಾಕಿ, ಚಿಕ್ಕಪ್ಪನ ಕೈಗೆ ಮತ್ತೆ ಕೊಡುತ್ತೇನೆ. ಅವರಿಗೆ ಪಣಿಯೂರು ಬಳ್ಳಿ ಹತ್ತು ಬೇಕಂತೆ.