ಕೊಡಗಿನ ನಾಪೋಕ್ಲಿನಿಂದ ಜರ್ಮನಿಯ ಫ್ರೈಬುರ್ಗಿಗೆ ಬರುತ್ತಿರುವ ತಂಗಿಗೆ

ತಂಗೀ, ನೀನು ಕೇಳಿದ್ದನ್ನು ಓದಿದೆ. ತೋಟದ ಮನೆಯಲ್ಲಿ ಮಣ್ಣು, ಮಳೆ, ಮರ ಅಂತ ಬೆಳೆಯುತ್ತಿರುವ ಎರಡು ಮಕ್ಕಳನ್ನು ಕರೆದುಕೊಂಡು ಜರ್ಮನಿಗೆ ಬರುತ್ತಿದ್ದೀಯ. ದೊಡ್ಡವಳಿಗೆ ನಾಲ್ಕು, ಚಿಕ್ಕವನಿಗೆ ಒಂದೂವರೆ. ಫ್ಲ್ಯಾಟಿನೊಳಗೆ ಮಕ್ಕಳು ಮಂಕಾಗುತ್ತಾರಾ, ಅಲ್ಲಿ ಪರಿಸರಕ್ಕೆ ಹೊರೆಯಾಗದೆ ಸಂಸಾರ ಮಾಡಲು ಆಗುತ್ತದಾ, ಕಸ ಸರಿಯಾಗಿ ಬೇರ್ಪಡಿಸದಿದ್ದರೆ ದಂಡ ಹಾಕುತ್ತಾರಂತೆ ಹೌದಾ ಅಂತ ಕೇಳಿದ್ದೀಯ. ನಾನು ಸೋಮವಾರಪೇಟೆ ಕಡೆಯವಳು, ಇದೇ ಫ್ರೈಬುರ್ಗಿನಲ್ಲಿ ಮಕ್ಕಳನ್ನು ಬೆಳೆಸಿದವಳು. ಗೊತ್ತಿದ್ದಷ್ಟು ಹೇಳುತ್ತೇನೆ.

ಕಸದ ವಿಷಯ ಮೊದಲು ಮುಗಿಸಿಬಿಡೋಣ, ಅದು ಎಲ್ಲರೂ ಹೆದರಿಸುವಷ್ಟು ದೊಡ್ಡದಲ್ಲ. ಪೇಪರಿಗೆ ಒಂದು ಡಬ್ಬಿ, ಅಡುಗೆಮನೆಯ ಹಸಿ ಕಸಕ್ಕೆ ಒಂದು, ಪ್ಯಾಕಿಂಗಿನ ಪ್ಲಾಸ್ಟಿಕ್ಕು ಮತ್ತು ತಗಡಿಗೆ ಹಳದಿ ಚೀಲ ಅಥವಾ ಹಳದಿ ಡಬ್ಬಿ, ಉಳಿದದ್ದಕ್ಕೆ ಇನ್ನೊಂದು. ಮಿಕ್ಕ ಡಬ್ಬಿಗಳ ಬಣ್ಣ ಊರಿಂದ ಊರಿಗೆ ಬೇರೆ, ನಿಮ್ಮ ಕಟ್ಟಡದಲ್ಲಿ ಕೇಳಿಕೋ. ಗಾಜಿನ ಬಾಟಲಿಗಳನ್ನು ಬೀದಿಯಲ್ಲಿಟ್ಟ ದೊಡ್ಡ ಪೆಟ್ಟಿಗೆಗಳಿಗೆ ಬಿಳಿ, ಹಸಿರು, ಕಂದು ಅಂತ ನೋಡಿ ಹಾಕಬೇಕು. ಭಾನುವಾರ ಹಾಕಬೇಡ, ಸದ್ದಾಗುತ್ತದೆ ಅಂತ ನೆರೆಯವರು ಬಂದು ಹೇಳುತ್ತಾರೆ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ನೀರಿನ ಬಾಟಲಿಗೂ ಡ್ರಿಂಕ್ಸಿನ ಡಬ್ಬಿಗೂ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಮೆಷಿನಿಗೆ ಹಾಕಿದರೆ ವಾಪಸ್ ಸಿಗುತ್ತದೆ. ನಲ್ಲಿ ನೀರೇ ಕುಡಿಯಲು ಚೆನ್ನಾಗಿದೆ, ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ. ಬೇರ್ಪಡಿಸುವುದು ತಪ್ಪಾದರೆ ಡಬ್ಬಿಯನ್ನು ಖಾಲಿ ಮಾಡದೆ ಬಿಟ್ಟುಹೋಗುತ್ತಾರೆ, ಹೆಚ್ಚಿನ ಖರ್ಚು ಬಾಡಿಗೆದಾರರ ಲೆಕ್ಕಕ್ಕೆ ಬರುತ್ತದೆ. ಒಂದು ತಿಂಗಳಲ್ಲಿ ಕೈ ಪಳಗುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಡಬ್ಬಿಗಳಲ್ಲಿ ಕಸ ಅಚ್ಚುಕಟ್ಟಾಗಿ ಕೂತದ್ದು ನೋಡಿ ನಾವು ಪರಿಸರಕ್ಕೆ ಒಳ್ಳೆಯದು ಮಾಡಿದೆವು ಅಂತ ಇಲ್ಲಿ ಬಹಳ ಜನ ನೆಮ್ಮದಿಯಾಗಿರುತ್ತಾರೆ. ಮನೆ ಬೆಚ್ಚಗಿಡಲು ಎಷ್ಟು ಉರಿಸುತ್ತೇವೆ, ಊರಿಗೆ ಎಷ್ಟು ಸಲ ಹಾರುತ್ತೇವೆ, ಮಕ್ಕಳು ದಿನದಲ್ಲಿ ಎಷ್ಟು ಹೊತ್ತು ಹೊರಗಿರುತ್ತಾರೆ, ಈ ಮೂರರ ಮುಂದೆ ಕಸದ ಡಬ್ಬಿ ಸಣ್ಣ ವಿಷಯ.

ಮಕ್ಕಳಿಂದಲೇ ಶುರು ಮಾಡುತ್ತೇನೆ. ಮಗಳಿಗೆ ವಾಲ್ಡ್‌ಕಿಂಡರ್‌ಗಾರ್ಟನ್, ಅಂದರೆ ಕಾಡಿನ ಶಿಶುವಿಹಾರ ಹುಡುಕು. ಮೂರು ವರ್ಷದಿಂದ ಆರರವರೆಗಿನ ಮಕ್ಕಳು ಬೆಳಿಗ್ಗೆಯೆಲ್ಲ ಕಾಡಿನಲ್ಲೇ ಇರುತ್ತಾರೆ. ಕಟ್ಟಡ ಅಂತ ಇರುವುದಿಲ್ಲ, ತೀರಾ ಚಳಿಯಾದರೆ ಒಳಗೆ ಕೂರಲು ಚಕ್ರದ ಮೇಲಿನ ಒಂದು ಮರದ ಗೂಡು ಇರುತ್ತದೆ, ಅಷ್ಟೇ. ಕೊಂಬೆ, ಕಲ್ಲು, ಕೆಸರೇ ಆಟದ ಸಾಮಾನು. ದೊಡ್ಡ ಮಕ್ಕಳಿಗೆ ಸಣ್ಣ ಚಾಕು ಕೊಟ್ಟು ಕಡ್ಡಿ ಕೆತ್ತಲು ಕಲಿಸುತ್ತಾರೆ. ಮಳೆ, ಹಿಮ ಬಂದರೂ ಹೊರಗೇ, ಬಿರುಗಾಳಿಯ ಎಚ್ಚರಿಕೆ ಇದ್ದ ದಿನ ಮಾತ್ರ ಕಾಡಿಗೆ ಹೋಗುವುದಿಲ್ಲ. ಸರ್ಕಾರದ ಮಾನ್ಯತೆ ಮೊದಲು ಸಿಕ್ಕಿದ್ದು 1993ರಲ್ಲಿ, ಉತ್ತರದ ಫ್ಲೆನ್ಸ್‌ಬುರ್ಗ್ ಊರಿನ ಒಂದು ಶಿಶುವಿಹಾರಕ್ಕೆ. ಈಗ ದೇಶದ ತುಂಬ ಇವೆ.

ಚಳಿಗೆ ಮಗು ಕಾಯಿಲೆ ಬೀಳುತ್ತದೆ ಅಂತ ನಿನ್ನ ಅತ್ತೆ ಖಂಡಿತ ಹೇಳುತ್ತಾರೆ. ಅವರಿಗೆ ನಮ್ಮ ಜೂನ್, ಜುಲೈ ನೆನಪಿಸು. ಮಳೆ ತಡೆಯುವ ಗೊರಗೆ ಹೊದ್ದು ಗದ್ದೆಗೆ ಇಳಿದವರ ಮೊಮ್ಮಕ್ಕಳು ನಾವು, ಮಳೆಯೆಂದು ಯಾರೂ ಒಳಗೆ ಕೂತಿರಲಿಲ್ಲ. ಇಲ್ಲಿ ಮಕ್ಕಳಿಗೆ ಒಳಗೆ ಉಣ್ಣೆಯ ಬಟ್ಟೆ, ಮೇಲೆ ನೀರು ಇಳಿಯದ ಪ್ಯಾಂಟು, ಕಾಲಿಗೆ ರಬ್ಬರ್ ಬೂಟು. ಇದ್ಯಾವುದನ್ನೂ ಹೊಸದಾಗಿ ಕೊಳ್ಳಬೇಡ. ವಸಂತದಲ್ಲೂ ಶರತ್ಕಾಲದಲ್ಲೂ ಬೀದಿಬೀದಿಯಲ್ಲಿ ಮಕ್ಕಳ ಹಳೆ ಬಟ್ಟೆಯ ಸಂತೆ ನಡೆಯುತ್ತದೆ. ಒಂದು ಮಗು ಹಾಕಿದ್ದನ್ನು ಇನ್ನೊಂದಕ್ಕೆ ಹಾಕುವುದರಲ್ಲಿ ಇಲ್ಲಿ ಯಾರಿಗೂ ಸಂಕೋಚವಿಲ್ಲ. ನಮ್ಮ ಕಡೆ ಅಣ್ಣನ ಅಂಗಿ ತಮ್ಮನಿಗೆ ಬರುತ್ತಿದ್ದುದು ಕಡಿಮೆಯಾಗುತ್ತಿರುವುದು ನನಗೆ ಬೇಸರದ ವಿಷಯ.

ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಶಿಶುವಿಹಾರದಲ್ಲಿ ಜಾಗ ಪಡೆಯುವ ಹಕ್ಕು 2013ರಿಂದ ಕಾನೂನಿನಲ್ಲೇ ಇದೆ. ಆದರೂ ಜಾಗ ಸಾಲುವುದಿಲ್ಲ. ವಿಳಾಸ ಸಿಕ್ಕಿದ ದಿನವೇ ಇಬ್ಬರಿಗೂ ಅರ್ಜಿ ಹಾಕು.

ಕಾಡಿನ ವಿಷಯದಲ್ಲಿ ಎರಡು ಎಚ್ಚರ. ಇಲ್ಲಿ ಜಿಗಣೆಯ ಕಾಟವಿಲ್ಲ, ಉಣ್ಣಿ ಇದೆ. ಶಿವಮೊಗ್ಗ ಕಡೆಯ ಮಂಗನ ಕಾಯಿಲೆ ಕೇಳಿದ್ದೀಯಲ್ಲ, ಅದೇ ಗುಂಪಿನ ಇನ್ನೊಂದು ವೈರಸ್ ಇಲ್ಲಿನ ಉಣ್ಣಿಯಿಂದ ಬಂದು ಮಿದುಳಿಗೆ ಉರಿಯೂತ ತರುತ್ತದೆ. ಫ್ರೈಬುರ್ಗ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಅದರ ಅಪಾಯವಿರುವ ಪ್ರದೇಶ. ಲಸಿಕೆ ಇದೆ, ಮಕ್ಕಳ ಡಾಕ್ಟರನ್ನು ಮೊದಲ ಭೇಟಿಯಲ್ಲೇ ಕೇಳು. ಉಣ್ಣಿಯಿಂದಲೇ ಹರಡುವ ಬೊರೇಲಿಯೋಸಿಸ್ ಎಂಬ ಇನ್ನೊಂದು ಕಾಯಿಲೆಗೆ ಈ ಲಸಿಕೆ ಉಪಯೋಗವಿಲ್ಲ. ಅದಕ್ಕೇ ಕಾಡಿನಿಂದ ಬಂದ ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದಿ ದಿನಾ ನೋಡುವುದು ರೂಢಿಯಾಗಬೇಕು.

ಎರಡನೆಯದು ಅಣಬೆ. ನಮ್ಮವರಿಗೆ ಮಳೆಗಾಲದಲ್ಲಿ ಕಣ್ಣು ನೆಲದ ಮೇಲೇ ಇರುತ್ತದೆ, ನನಗೆ ಗೊತ್ತು. ಇಲ್ಲಿ ದಯವಿಟ್ಟು ಕೀಳಬೇಡ. ಬೇರೆ ದೇಶದಿಂದ ಬಂದವರು ತಮ್ಮೂರಿನ ಅಣಬೆ ಅಂದುಕೊಂಡು ಹಸಿರು ಟೋಪಿಯ ವಿಷದ ಅಣಬೆ ತಿಂದು ಸತ್ತದ್ದುಂಟು. ಕಣಿಲೆ, ಕೆಸ, ಮದ್ದು ಸೊಪ್ಪಿನ ಬಗ್ಗೆ ನಿನಗಿರುವ ಜ್ಞಾನ ಆ ಮಣ್ಣಿನದ್ದು. ಇಲ್ಲಿಯದನ್ನು ಇಲ್ಲಿಯವರ ಜೊತೆ ನಡೆದಾಡಿ, ಮೊದಲಿಂದ ಕಲಿಯಬೇಕು. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಇನ್ನು ಮನೆ. ಜರ್ಮನಿಯ ಮನೆಗಳಲ್ಲಿ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಕೋಣೆ ಬೆಚ್ಚಗಿಡಲಿಕ್ಕೇ ಹೋಗುತ್ತದೆ. ನಮ್ಮವರು ಬಂದ ಮೊದಲ ಚಳಿಗಾಲದಲ್ಲಿ ಹೀಟರ್ ಪೂರ್ತಿ ತಿರುಗಿಸಿ, ತೆಳು ಅಂಗಿಯಲ್ಲಿ ಕೂರುತ್ತಾರೆ. 20 ಡಿಗ್ರಿ ಸಾಕು, ಸ್ವೆಟರ್ ಹಾಕಿಸು. ಒಂದು ಡಿಗ್ರಿ ಇಳಿಸಿದರೆ ಬಿಸಿಯ ಖರ್ಚು ಹೆಚ್ಚುಕಡಿಮೆ ಶೇಕಡಾ 6ರಷ್ಟು ಇಳಿಯುತ್ತದೆ. ಕಿಟಕಿಯನ್ನು ಇಡೀ ದಿನ ಸಣ್ಣಗೆ ಓರೆ ಮಾಡಿಡಬೇಡ. ದಿನಕ್ಕೆ ಮೂರ್ನಾಲ್ಕು ಸಲ, ಐದು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚು. ಇಲ್ಲದಿದ್ದರೆ ಒಗೆದ ಬಟ್ಟೆಯ, ಅನ್ನ ಬೇಯಿಸಿದ ಹಬೆಯೆಲ್ಲ ಗೋಡೆಗೆ ಕೂತು, ನಮ್ಮ ಮಳೆಗಾಲದ ಹಾಗೆ ಬೂಷ್ಟು ಹಿಡಿಯುತ್ತದೆ.

ಕಾರು ಈ ಊರಲ್ಲಿ ಬೇಕಿಲ್ಲ. ಟ್ರಾಮ್ ಇದೆ, ಸೈಕಲ್ ದಾರಿ ಇದೆ. ಎಂಟು ವರ್ಷದವರೆಗೆ ಮಕ್ಕಳು ಸೈಕಲನ್ನು ಫುಟ್‌ಪಾತ್ ಮೇಲೆ ಓಡಿಸಬೇಕು ಎನ್ನುವುದು ನಿಯಮ, ಜೊತೆಗೆ ಹೋಗುವ ದೊಡ್ಡವರಿಗೂ ಅಲ್ಲೇ ಬಿಡುತ್ತಾರೆ. ನಾಲ್ಕನೇ ಕ್ಲಾಸಿಗೆ ಬಂದಾಗ ಪೊಲೀಸರೇ ರಸ್ತೆಯಲ್ಲಿ ಓಡಿಸುವುದನ್ನು ಕಲಿಸಿ ಪರೀಕ್ಷೆ ಮಾಡುತ್ತಾರೆ.

ಊಟಕ್ಕೆ, ದೊಡ್ಡ ಚರ್ಚಿನ ಸುತ್ತಲಿನ ಸಂತೆಗೆ ಹೋಗು. ಸುತ್ತಮುತ್ತಲ ರೈತರೇ ತಂದು ಮಾರುತ್ತಾರೆ. ಪತ್ರೊಡೆ ಬೇಕೆನಿಸಿದರೆ ಮಾಂಗೋಲ್ಡ್ ಎಂಬ ಸೊಪ್ಪಿನ ಅಗಲ ಎಲೆಗೆ ಹಿಟ್ಟು ಹಚ್ಚಿ ಸುತ್ತು, ಚೆನ್ನಾಗಿಯೇ ಬರುತ್ತದೆ. ವಿಮಾನದಲ್ಲಿ ಬಂದ ಕೆಸದ ಎಲೆ, ಮಾವಿನ ಹಣ್ಣನ್ನು ಹಬ್ಬಕ್ಕಷ್ಟೇ ಇಟ್ಟುಕೋ.

ಹಾರಾಟದ ಮಾತು ಕಷ್ಟದ್ದು. ಆದರೆ ಬಿಟ್ಟುಬಿಟ್ಟರೆ ಉಳಿದ ಮಾತೆಲ್ಲ ಸುಳ್ಳಾಗುತ್ತದೆ. ಹವಾಮಾನ ಕೆಡುವುದನ್ನು ಎರಡೂ ಕಡೆ ಕಂಡಿದ್ದೇವೆ. 2018ರ ಆಗಸ್ಟಿನ ಮಳೆಗೆ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡಗಳು ಕುಸಿದವು. ಅದೇ ಬೇಸಿಗೆಯಲ್ಲಿ ಜರ್ಮನಿಯಲ್ಲಿ ಮಳೆಯಿಲ್ಲದೆ ಹುಲ್ಲು ಸುಟ್ಟುಹೋಯಿತು, ಶರತ್ಕಾಲದ ಹೊತ್ತಿಗೆ ರೈನ್ ನದಿಯಲ್ಲಿ ಸರಕಿನ ಹಡಗು ಸಾಗದಷ್ಟು ನೀರು ಇಳಿಯಿತು. ಆ ಒಣ ವರ್ಷಗಳಲ್ಲಿ ಸೊರಗಿದ ಸ್ಪ್ರೂಸ್ ಮರಗಳನ್ನು ತೊಗಟೆ ಹುಳು ತಿಂದು, ಇಲ್ಲಿನ ಕಾಡಿನಲ್ಲಿ ಎಕರೆಗಟ್ಟಲೆ ಮರ ಒಣಗಿ ನಿಂತವು. ಬೇಗ ಬೆಳೆಯುತ್ತದೆ ಅಂತ ಜನರೇ ಸಾಲಾಗಿ ನೆಟ್ಟ ಮರ ಅದು. ಅತ್ತಿ, ಹಲಸು, ನಂದಿ ಕಡಿದು ಬರೀ ಸಿಲ್ವರ್ ಓಕ್ ನೆಟ್ಟ ನಮ್ಮ ಕಾಫಿ ತೋಟಗಳು ನೆನಪಾಗದೆ ಇರುವುದಿಲ್ಲ. ಕೊಡಗಿನ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳ ಬೆಲೆ ನನಗೆ ಪೂರ್ತಿ ಗೊತ್ತಾದದ್ದು ಇಲ್ಲಿ ಒಣಗಿದ ಮರಗಳ ನಡುವೆ ನಡೆದಾಗ. ಮಗಳಿಗೆ ನಿಮ್ಮೂರಿನ ದೇವರಕಾಡನ್ನು ಹೊರಡುವ ಮುಂಚೆ ಇನ್ನೊಮ್ಮೆ ತೋರಿಸು, ಅಲ್ಲಿ ಯಾಕೆ ಯಾರೂ ಕೊಡಲಿ ಹಾಕುವುದಿಲ್ಲ ಅಂತ ಅಜ್ಜನ ಬಾಯಲ್ಲೇ ಹೇಳಿಸು.

ಇಲ್ಲಿಂದ ಬೆಂಗಳೂರಿಗೆ ಹೋಗಿಬರಲು ಒಬ್ಬರ ಪಾಲಿಗೆ ಒಂದು ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಜರ್ಮನಿಯಲ್ಲಿ ಒಬ್ಬರ ಇಡೀ ವರ್ಷದ ಸರಾಸರಿ, ಎಲ್ಲ ಸೇರಿ, ಸುಮಾರು 10 ಟನ್. ಊರಿಗೆ ಹೋಗಲೇಬೇಡ ಅಂತ ನಾನು ಎಂದೂ ಹೇಳುವುದಿಲ್ಲ, ಅಜ್ಜಿ ತಾತ ಇಲ್ಲದೆ ಮಕ್ಕಳು ಏನನ್ನು ಪ್ರೀತಿಸಲು ಕಲಿಯಬೇಕು? ಕಡಿಮೆ ಸಲ ಹೋಗು, ಹೋದರೆ ತುಂಬ ದಿನ ಇರು. ಈ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದ ತನಕ. ಆಗಸ್ಟ್ ಮೊದಲಲ್ಲಿ ಬರುವ ಕಕ್ಕಡ ತಿಂಗಳ ಹದಿನೆಂಟರ ಮದ್ದು ಸೊಪ್ಪಿನ ಪಾಯಸ, ಸೆಪ್ಟೆಂಬರ್ 3ರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ, ಎರಡೂ ಒಂದೇ ಪ್ರಯಾಣದಲ್ಲಿ ಸಿಗುತ್ತವೆ. ಜಡಿಮಳೆಯನ್ನೂ ಮಕ್ಕಳು ಕಾಣುತ್ತಾರೆ. ಸುಗ್ಗಿಯ ಹಬ್ಬ ಹುತ್ತರಿ ಮಾತ್ರ ಚಳಿಗಾಲದಲ್ಲಿ ಬರುವುದರಿಂದ ಕೈತಪ್ಪುತ್ತದೆ. ಶಾಲೆ ಸೇರಿದ ಮೇಲೆ ರಜೆಯಿಲ್ಲದ ದಿನ ಮಗುವನ್ನು ಊರಿಗೆ ಕರೆದೊಯ್ದರೆ ಇಲ್ಲಿ ನಿಜಕ್ಕೂ ದಂಡ ಬೀಳಬಹುದು. ಮಗಳಿಗೆ ಆರಾಗುವ ಮುಂಚೆ ಒಂದು ಹುತ್ತರಿಗೆ ಹೋಗಿ ಬಾ, ಕದಿರು ತೆಗೆಯುವುದನ್ನು ನೋಡಲಿ.

ಸೂಟ್‌ಕೇಸಿಗೆ ಏನು ಹಾಕಲಿ ಅಂತಲೂ ಕೇಳಿದ್ದೀಯ. ಮಾಂಸ, ತುಪ್ಪ, ಹಾಲಿನ ಪದಾರ್ಥ ತರುವಂತಿಲ್ಲ, ಪಂದಿಕರಿ ಕಟ್ಟಿಕೊಡುತ್ತೇವೆ ಅಂದರೆ ಬೇಡ ಅನ್ನು. ಗಿಡ, ಬೀಜ, ಹಸಿ ಕರಿಬೇವು, ತೋಟದ ಕಿತ್ತಳೆ ಕೂಡ ಬೇಡ, ಸಸ್ಯರೋಗ ಬರುತ್ತದೆಂದು ಪ್ರಮಾಣಪತ್ರ ಕೇಳುತ್ತಾರೆ. ಒಣಗಿಸಿದ ಕರಿಮೆಣಸು, ಅಡುಗೆಯ ಹುಳಿಗೆ ಕಾಚಂಪುಳಿ ತಾ. ಜೇನು ಒಬ್ಬರಿಗೆ ಎರಡು ಕೆಜಿ ಒಳಗಿದ್ದರೆ ಬಿಡುತ್ತಾರೆ. ಚಿಕ್ಕವನಿಗೆ ಹಳೆ ಹತ್ತಿ ಸೀರೆ, ಪಂಚೆ ಎಷ್ಟು ಹಿಡಿಸುತ್ತದೋ ಅಷ್ಟು ತಾ, ಒಗೆದು ಒಗೆದು ಮೆತ್ತಗಾದ ಅಂಥ ಬಟ್ಟೆ ಇಲ್ಲಿ ಕೊಂಡರೂ ಸಿಗುವುದಿಲ್ಲ. ಬರುವ ತಾರೀಖು ಗೊತ್ತಾದ ಕೂಡಲೇ ತಿಳಿಸು, ಮಗಳ ಅಳತೆಯ ರಬ್ಬರ್ ಬೂಟು ನಾನು ಹುಡುಕಿಡುತ್ತೇನೆ.